ಬಾಪುವಿನ ಬಳಿಯಿದ್ದ ಕೆಮರಾ: ಕನು ಗಾಂಧಿ

ನಮ್ಮ ಶಾಲೆಗಳ ಗೋಡೆಯಲ್ಲಿ ತೂಗುವ ಗಾಂಧೀಜಿಯ ಪಟಗಳಲ್ಲಿ ಅವರು ಹೆಚ್ಚಾಗಿ ಒಬ್ಬರೇ ಇರುತ್ತಾರೆ. ನಗುಮೊಗ, ಕನ್ನಡಕ, ಹೆಗಲ ಮೇಲೊಂದು ಬಿಳಿ ವಸ್ತ್ರ. ಆದರೆ ಬೇರೊಂದು ಬಗೆಯ ಚಿತ್ರಗಳೂ ಉಂಟು. ತಕ್ಕಡಿಯ ಮೇಲೆ ನಿಂತು ತೂಕ ನೋಡಿಸಿಕೊಳ್ಳುವ ಗಾಂಧೀಜಿ, ಟೆಲಿಫೋನಿನಲ್ಲಿ ಮಾತನಾಡುವ ಗಾಂಧೀಜಿ, ಬಿಸಿಲಿನ ಝಳಕ್ಕೆ ತಲೆಯ ಮೇಲೆ ದಿಂಬು ಇಟ್ಟುಕೊಂಡ ಗಾಂಧೀಜಿ, ಕುಷ್ಠರೋಗಿಯಾಗಿದ್ದ ಪರಚುರೆ ಶಾಸ್ತ್ರಿಗಳ ಮೈ ನೀವುತ್ತಿರುವ ಗಾಂಧೀಜಿ. ಮನೆಯ ಅಜ್ಜನನ್ನು ನಾವು ಕಂಡಂತೆಯೇ ಈ ಚಿತ್ರಗಳಲ್ಲಿ ಅವರು ಕಾಣುತ್ತಾರೆ. ಇವನ್ನು ತೆಗೆದವನೂ ಆ ಅಜ್ಜನ ಮನೆಯ ಹುಡುಗನೇ. ಹೆಸರು ಕನು ಗಾಂಧಿ.

ಹೆಸರಿನಲ್ಲೊಂದು ಗೊಂದಲವಿದೆ, ಅದನ್ನು ಮೊದಲು ಬಿಡಿಸುವುದು ಒಳ್ಳೆಯದು. ಜುಹೂ ಕಡಲತೀರದಲ್ಲಿ ಗಾಂಧೀಜಿಯ ಊರುಗೋಲಿನ ತುದಿ ಹಿಡಿದು ಎಳೆದುಕೊಂಡು ಹೋಗುವ ಚಿಕ್ಕ ಬಾಲಕನ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. ಅವನೂ ಕನು ಗಾಂಧಿಯೇ. ಆದರೆ ಅವನು ರಾಮದಾಸ ಗಾಂಧಿಯವರ ಮಗ, ಮಹಾತ್ಮರ ಸ್ವಂತ ಮೊಮ್ಮಗ, 2016ರಲ್ಲಿ ತೀರಿಕೊಂಡವನು. ನಮ್ಮ ಕನು ನಾರಣದಾಸ ಗಾಂಧಿಯವರ ಮಗ. ನಾರಣದಾಸರ ತಂದೆ ಗಾಂಧೀಜಿಗೆ ದಾಯಾದಿ ಅಣ್ಣನಾಗಬೇಕು. ದಂಡಿಯಾತ್ರೆಯ ಕಾಲಕ್ಕೆ ಸಾಬರಮತಿ ಆಶ್ರಮದ ಆಡಳಿತ ನೋಡಿಕೊಂಡವರು ಇದೇ ನಾರಣದಾಸರು.

ಕನು ಹುಟ್ಟಿದ್ದು 1917ರಲ್ಲಿ. ತಂದೆತಾಯಿಗಳಿಬ್ಬರೂ ಬಾಪುವಿನ ಕೆಲಸಕ್ಕೆ ಬದುಕನ್ನು ಒಪ್ಪಿಸಿದವರಾದ್ದರಿಂದ ಹುಡುಗನಿಗೆ ಆಶ್ರಮವೇ ಮನೆಯಾಯಿತು. ಪ್ರಾಯಕ್ಕೆ ಬಂದಾಗ ಡಾಕ್ಟರಾಗಬೇಕೆಂಬ ಆಸೆ ಅವನಲ್ಲಿ ಇತ್ತು. ಹಿರಿಯರು ಅದನ್ನು ಬಿಡಿಸಿ ವಾರ್ಧಾದ ಬಳಿಯ ಸೇವಾಗ್ರಾಮಕ್ಕೆ, ಬಾಪುವಿನ ಕಚೇರಿಗೆ ಸೇರಿಸಿದರು. ಬಂದ ಕಾಗದಗಳನ್ನು ಜೋಡಿಸುವುದು, ಆಶ್ರಮದ ಲೆಕ್ಕ ಬರೆಯುವುದು, ಸಂಜೆಯ ಪ್ರಾರ್ಥನೆಗೆ ಭಜನೆ ಹಾಡುವುದು, ಇದು ಅವನ ದಿನಚರಿ. ಒಂದು ಗುಮಾಸ್ತೆಯ ಕೆಲಸವೆಂದೇ ಹೇಳಬೇಕು. ಇಪ್ಪತ್ತರ ಹರೆಯದವನಿಗೆ ಅಷ್ಟು ಸಾಲದೆ ಹೋದರೆ ಆಶ್ಚರ್ಯವೇನು?

ಛಾಯಾಗ್ರಹಣ ಕಲಿಯಬಾರದೇಕೆ ಎಂದು ಅವನ ತಲೆಯಲ್ಲಿ ಹುಳ ಬಿಟ್ಟವರು ವಿನೋಬಾ ಭಾವೆಯವರ ತಮ್ಮ ಶಿವಾಜಿ ಭಾವೆ. ಕೆಮರಾ ಕೊಡಿಸಿರೆಂದು ಹುಡುಗ ಬಾಪುವನ್ನು ಕೇಳಿದರೆ, ಆಶ್ರಮದಲ್ಲಿ ಅಂಥ ಖರ್ಚಿಗೆ ಹಣವಿಲ್ಲವೆಂಬ ಉತ್ತರ ಬಂತು. ಕಡೆಗೆ ಉದ್ಯಮಿ ಘನಶ್ಯಾಮದಾಸ ಬಿರ್ಲಾರವರು 100 ರೂಪಾಯಿ ಕೊಟ್ಟರು. ಅದರಿಂದ ಒಂದು ರೋಲಿಫ್ಲೆಕ್ಸ್ ಕೆಮರಾ, ಒಂದು ಸುರುಳಿ ಫಿಲ್ಮು ಬಂತು.

ಕೆಮರಾ ಬಂದ ಮೇಲೆ ಬಾಪು ಮೂರು ಷರತ್ತು ವಿಧಿಸಿದರು. ಫ್ಲಾಶ್ ಬೆಳಕು ಹಾಕಕೂಡದು. ಹೀಗೆ ನಿಲ್ಲಿ, ಹಾಗೆ ಕುಳಿತುಕೊಳ್ಳಿ ಎಂದು ತನ್ನನ್ನು ಎಂದೂ ಕೇಳಕೂಡದು. ಖರ್ಚಿಗೆ ಆಶ್ರಮದಿಂದ ಒಂದು ಕಾಸೂ ಸಿಗದು.

ಫೋಟೋ ಹಿಡಿಯುವ ಹವ್ಯಾಸ ಇದ್ದವರಿಗೆ ಈ ಮೂರರ ಭಾರ ಗೊತ್ತಾದೀತು. ಸೇವಾಗ್ರಾಮದ ಕುಟೀರಗಳು ಮಣ್ಣಿನ ಗೋಡೆಯವು, ಒಳಗೆ ಬೆಳಕು ಅಷ್ಟಕ್ಕಷ್ಟೆ. ಆ ಕಾಲದ ಫಿಲ್ಮಿನ ಗ್ರಹಣಶಕ್ತಿ ಕಡಿಮೆ. ಬೆಳಕು ಸಾಲದಿದ್ದರೆ ಕೆಮರಾದ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಅಷ್ಟರಲ್ಲಿ ಬಾಪು ಕೈ ಆಡಿಸಿದರೆ ಕೈ ಮಸುಕು, ತಲೆ ತಿರುಗಿಸಿದರೆ ಮುಖ ಮಸುಕು. ಇನ್ನೊಮ್ಮೆ ಎನ್ನುವಂತಿಲ್ಲ. ಒಂದು ಸುರುಳಿಯಲ್ಲಿ ಹನ್ನೆರಡೇ ಚಿತ್ರ; ಮುಗಿದರೆ ಮುಂದಿನದಕ್ಕೆ ಸ್ವಂತವಾಗಿ ದುಡ್ಡು ಹೊಂದಿಸಬೇಕು. ಕೆಲವು ಚಿತ್ರಗಳನ್ನು ಪತ್ರಿಕೆಗಳಿಗೆ ಮಾರಿ ಕನು ಫಿಲ್ಮಿನ ಖರ್ಚು ಹೊಂದಿಸಿಕೊಂಡನು. ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳನ್ನು ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿ, ಉಸಿರು ಬಿಗಿಹಿಡಿಸಿ ಗ್ರೂಪ್ ಫೋಟೋ ತೆಗೆಸುವ ನಮಗೆ ಆ ಎರಡನೆಯ ಷರತ್ತು ಬಹಳ ಕಠಿಣವೆಂದು ತೋರುತ್ತದೆ.

ಆದರೆ ಇದೇ ಕಟ್ಟುಪಾಡು ಆ ಚಿತ್ರಗಳಿಗೆ ಅವುಗಳ ಗುಣವನ್ನು ಕೊಟ್ಟಿತೆಂದು ನನ್ನ ಅಭಿಪ್ರಾಯ. ರೋಲಿಫ್ಲೆಕ್ಸನ್ನು ಕಣ್ಣಿಗೆ ಹಿಡಿಯುವುದಲ್ಲ, ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವುದು. ಎದುರಿನವರನ್ನು ಯಾರೋ ದಿಟ್ಟಿಸುತ್ತಿದ್ದಾರೆಂದು ಅನಿಸುವುದಿಲ್ಲ. ನೆಲದ ಮೇಲೆ ಚಾಪೆ ಹಾಸಿ ಕುಳಿತು ಕೆಲಸ ಮಾಡುವ ಮನುಷ್ಯನಿಗೆ ಅದು ಹೇಳಿ ಮಾಡಿಸಿದ ಯಂತ್ರ. ಹೊತ್ತುಗೊತ್ತಿಲ್ಲದೆ ಬಾಪುವಿನ ಬಳಿ ಸುಳಿಯುವ ಸಲುಗೆ ಬೇರಾವ ಛಾಯಾಗ್ರಾಹಕನಿಗೂ ಇರಲಿಲ್ಲ. 1946ರಲ್ಲಿ ಅಮೆರಿಕದ ಪ್ರಖ್ಯಾತ ಛಾಯಾಗ್ರಾಹಕಿ ಮಾರ್ಗರೆಟ್ ಬೋರ್ಕ್-ವೈಟ್ ಚರಕದ ಬಳಿಯ ಗಾಂಧೀಜಿಯ ಚಿತ್ರ ತೆಗೆಯಲು ಬಂದಾಗ, ಮೊದಲು ನೂಲಲು ಕಲಿಯಬೇಕಾಯಿತು. ಆಮೇಲೆ ಸಿಕ್ಕಿದ್ದು ಮೂರೇ ಫ್ಲಾಶ್ ಬಲ್ಬಿನ ಅನುಮತಿ. ಆ ಚಿತ್ರ ಲೋಕಪ್ರಸಿದ್ಧವಾಯಿತು, ನಿಜ. ಕನುವಾದರೋ ಹತ್ತು ವರ್ಷ ಅಲ್ಲೇ ಇದ್ದನು. ಅವನ ಎಷ್ಟೋ ಚಿತ್ರಗಳಲ್ಲಿ ಬಾಪುವಿನ ಬೆನ್ನಷ್ಟೇ ಕಾಣುತ್ತದೆ, ಕೆಲವು ಮಸುಕಾಗಿವೆ. ಸ್ಟುಡಿಯೋದವರು ಅಂಥದನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು.

ಬಾಪು ಹೋದಲ್ಲಿಗೆ ಕೆಮರಾವೂ ಹೋಯಿತು. 1940ರ ಫೆಬ್ರವರಿಯಲ್ಲಿ ಶಾಂತಿನಿಕೇತನದಲ್ಲಿ ವೃದ್ಧ ರವೀಂದ್ರನಾಥ ಠಾಕೂರರ ಜತೆ ಗಾಂಧೀಜಿ ಕುಳಿತ ಚಿತ್ರ ಕನುವಿನದು. 1945-46ರ ಬಂಗಾಳ, ಅಸ್ಸಾಂ, ದಕ್ಷಿಣ ಭಾರತದ ಪ್ರವಾಸದಲ್ಲಿ ರೈಲಿನ ಕಿಟಕಿಯಿಂದ ಹರಿಜನ ನಿಧಿಗಾಗಿ ಕೈಯೊಡ್ಡಿದ ಚಿತ್ರವೂ ಅವನದೇ. ನಮ್ಮ ಕಡೆಯವರಿಗೆ ಮಾತ್ರ ಆ ಭಾಗ್ಯವಿಲ್ಲ. ಗಾಂಧೀಜಿ ಮಂಗಳೂರಿಗೆ ಬಂದದ್ದು 1920, 1927 ಮತ್ತು 1934ರಲ್ಲಿ. ಕನುವಿನ ಕೈಗೆ ಕೆಮರಾ ಬಂದದ್ದು ಅದರ ನಂತರ.

1944ರ ಆರಂಭದಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂದಿಯಾಗಿದ್ದ ಕಸ್ತೂರ್ಬಾ ಹಾಸಿಗೆ ಹಿಡಿದರು. ಅವರ ಶುಶ್ರೂಷೆಗೆ ಕನು ಇರಲು ಸರಕಾರ ಒಪ್ಪಿತು. ಅವನು ರೋಗಿಯ ಸೇವೆ ಮಾಡಿದನು, ಹಾಸಿಗೆಯ ಬಳಿ ಕುಳಿತು ಭಜನೆ ಹಾಡಿದನು. ಒಂದು ರೀತಿಯಲ್ಲಿ ಅವನ ಡಾಕ್ಟರ ಆಸೆ ಅಷ್ಟರ ಮಟ್ಟಿಗೆ ಕೈಗೂಡಿತೆನ್ನಬಹುದು. ಫೆಬ್ರವರಿ 22, ಮಹಾಶಿವರಾತ್ರಿಯ ದಿನ, ಬಾ ಅವರ ತಲೆ ಬಾಪುವಿನ ತೊಡೆಯ ಮೇಲಿತ್ತು. ಅರವತ್ತು ವರ್ಷ ಮಿಕ್ಕಿದ ದಾಂಪತ್ಯದ ಕೊನೆಯ ಗಳಿಗೆ. ಕನು ಚಿತ್ರ ತೆಗೆಯಬಯಸಿದನು. ಬಾಪು ಬೇಡವೆಂದರು. ಹಿಂದಿನ ಮೂರು ಷರತ್ತುಗಳ ಜತೆ ಇದು ನಾಲ್ಕನೆಯದು, ಮೊದಲೇ ಹೇಳದೆ ಉಳಿದದ್ದು. ಆ ಚಿತ್ರ ಇಲ್ಲ.

ಮುಂದೆ ನೌಖಾಲಿ. 1946ರ ಗಲಭೆಯಲ್ಲಿ ಪೂರ್ವ ಬಂಗಾಳದ ಆ ಸೀಮೆ ಬೆಂದುಹೋಗಿತ್ತು. ಆ ನವೆಂಬರಿನಲ್ಲಿ ಅಲ್ಲಿಗೆ ಹೋದ ಗಾಂಧೀಜಿ ಸಂಗಡಿಗರನ್ನು ಒಬ್ಬೊಬ್ಬರಂತೆ ಒಂದೊಂದು ಹಳ್ಳಿಗೆ ಕಳುಹಿಸಿ, 1947ರ ಜನವರಿಯಿಂದ ತಾವು ಬರಿಗಾಲಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದರು. ತೋಡುಗಳ ಮೇಲೆ ಒಂಟಿ ಬಿದಿರಿನ ಸಂಕ. ಮಳೆಗಾಲದಲ್ಲಿ ಅಡಿಕೆ ಮರದ ಪಾಲ ದಾಟಿದ ನಮ್ಮವರಿಗೆ ಅದನ್ನು ವಿವರಿಸಬೇಕಾಗಿಲ್ಲ. 77ರ ಮುದುಕ ಅದನ್ನು ದಾಟಬೇಕಿತ್ತು. ಮಾರ್ಚಿನಲ್ಲಿ ಗಾಂಧೀಜಿ ಬಿಹಾರಕ್ಕೆ ಹೊರಟರೂ ಕನು ಕೆಲಸ ಬಿಟ್ಟುಬರಲಿಲ್ಲ. ಆ ಹೊತ್ತಿಗೆ ಅವನು ಬಂಗಾಳದ ಚಟರ್ಜಿ ಕುಟುಂಬದ ಆಭಾಳನ್ನು ಮದುವೆಯಾಗಿದ್ದನು. ಆಶ್ರಮದಲ್ಲೇ ಬೆಳೆದ ಆಕೆ ಬಾಪುವಿನ ಸೇವೆಯಲ್ಲಿ ದಿಲ್ಲಿಗೆ ಹೋದಳು.

1948ರ ಜನವರಿ 30ರ ಸಂಜೆ ಬಿರ್ಲಾ ಭವನದ ಹಿತ್ತಲಲ್ಲಿ ಪ್ರಾರ್ಥನೆಗೆ ನಡೆಯುತ್ತಿದ್ದ ಗಾಂಧೀಜಿಯ ಒಂದು ಕೈ ಮನು ಗಾಂಧಿಯ ಹೆಗಲ ಮೇಲಿತ್ತು, ಇನ್ನೊಂದು ಆಭಾಳ ಹೆಗಲ ಮೇಲೆ. ಗುಂಡು ಹಾರಿದಾಗ ಅವರು ಬಿದ್ದದ್ದು ಈ ಇಬ್ಬರು ಹುಡುಗಿಯರ ಮಡಿಲಿಗೆ. ಹತ್ತು ವರ್ಷ ಬಾಪುವಿನ ಏಳುಬೀಳು, ನಗು, ಉಪವಾಸ, ನಡಿಗೆ ಎಲ್ಲವನ್ನೂ ಹಿಡಿದಿಟ್ಟ ಕೆಮರಾ ನೂರಾರು ಮೈಲು ದೂರದ ನೌಖಾಲಿಯಲ್ಲಿತ್ತು. ಆ ಗಳಿಗೆಯ ಚಿತ್ರವನ್ನು ಯಾರೂ ತೆಗೆಯಲಿಲ್ಲ. ಕನು ಅಲ್ಲಿದ್ದಿದ್ದರೂ ತೆಗೆಯುತ್ತಿದ್ದನೇ? ಆಗಾಖಾನ್ ಅರಮನೆಯ ಶಿವರಾತ್ರಿಯನ್ನು ನೆನೆದರೆ ನನಗೇನೋ ಸಂದೇಹ.

ಅಲ್ಲಿಂದ ಮುಂದೆ ಅವನ ಛಾಯಾಗ್ರಹಣದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಗಂಡಹೆಂಡಿರು ಸೌರಾಷ್ಟ್ರಕ್ಕೆ ಮರಳಿ ರಾಜಕೋಟೆಯ ಸಮೀಪ ಕಸ್ತೂರಬಾಧಾಮದಲ್ಲಿ ನೆಲೆಸಿ ಗ್ರಾಮಸೇವೆಯಲ್ಲಿ ತೊಡಗಿದರು. ಚಿತ್ರಗಳು ಮಾತ್ರ ಪುಸ್ತಕಗಳಲ್ಲಿ, ಪತ್ರಿಕೆಗಳಲ್ಲಿ, ಕ್ಯಾಲೆಂಡರುಗಳಲ್ಲಿ ಸುತ್ತಾಡಿದವು, ಹೆಚ್ಚಿನ ಕಡೆ ತೆಗೆದವನ ಹೆಸರಿಲ್ಲದೆ.

1986ರ ಫೆಬ್ರವರಿಯಲ್ಲಿ ಉತ್ತರ ಭಾರತದ ತೀರ್ಥಯಾತ್ರೆಯಲ್ಲಿದ್ದಾಗ ಕನು ಗಾಂಧಿ ಹೃದಯಾಘಾತದಿಂದ ತೀರಿಕೊಂಡರು. ಆಭಾ 1995ರವರೆಗೆ ಇದ್ದರು. ದಿಲ್ಲಿಯ ನಜರ್ ಪ್ರತಿಷ್ಠಾನವು ಆ ಚಿತ್ರಗಳನ್ನು ಆರಿಸಿ, ತೆಗೆದವರ ಹೆಸರನ್ನು ರಕ್ಷಾಪುಟದಲ್ಲೇ ಹಾಕಿ ಪುಸ್ತಕವಾಗಿ ಹೊರತಂದದ್ದು 2015ರಲ್ಲಿ.