ಒಂದು ಡಾಲರಿಗೆ ಬಿಟ್ಟುಕೊಟ್ಟ ಹಕ್ಕು

ನಾವೆಲ್ಲ ‘ಶುಗರ್’ ಎಂದು ಕರೆಯುವ ಸಕ್ಕರೆ ಕಾಯಿಲೆ ಮಕ್ಕಳಿಗೆ ಬಂದರೆ, ಒಂದು ಕಾಲದಲ್ಲಿ ಅವರು ಬದುಕುತ್ತಿರಲಿಲ್ಲ. ಅಂಥ ಮಕ್ಕಳಿಗೆ ಜೀವ ಕೊಟ್ಟವರಲ್ಲಿ ಡಾ. ಫ್ರೆಡರಿಕ್ ಬ್ಯಾಂಟಿಂಗ್ ಒಬ್ಬರು.

ಅವರು 1891ರ ನವೆಂಬರ್ 14ರಂದು ಕೆನಡಾದ ಆಲಿಸ್ಟನ್ ಬಳಿ ರೈತ ಕುಟುಂಬದಲ್ಲಿ ಹುಟ್ಟಿದರು. ಮೊದಲು ಕಲಾ ವಿಭಾಗಕ್ಕೆ ಸೇರಿ, ನಂತರ ವೈದ್ಯಕೀಯ ಓದಿದರು. ಮೊದಲ ಮಹಾಯುದ್ಧದಲ್ಲಿ ಸೈನ್ಯದ ವೈದ್ಯರಾಗಿ ಗಾಯಗೊಂಡರು. 1920ರಲ್ಲಿ ಕ್ಲಿನಿಕ್ ತೆರೆದಾಗ ರೋಗಿಗಳೇ ಬರಲಿಲ್ಲ. ಮೊದಲ ತಿಂಗಳ ಆದಾಯ ಕೇವಲ 4 ಡಾಲರ್!

ನಮ್ಮ ಹೊಟ್ಟೆಯಲ್ಲಿರುವ ಮೇದೋಜ್ಜೀರಕ ಗ್ರಂಥಿ ಎರಡು ಕೆಲಸ ಮಾಡುತ್ತದೆ. ಜೀರ್ಣರಸವನ್ನು ನಾಳದ ಮೂಲಕ ಕರುಳಿಗೆ ಕಳಿಸುತ್ತದೆ. ಅದರೊಳಗಿನ ಚಿಕ್ಕ ಜೀವಕೋಶಗಳ ಗುಂಪುಗಳು ಇನ್ಸುಲಿನ್ ಎಂಬ ಹಾರ್ಮೋನನ್ನು ನಾಳವಿಲ್ಲದೆ ನೇರವಾಗಿ ರಕ್ತಕ್ಕೆ ಬಿಡುತ್ತವೆ. ಆದ್ದರಿಂದಲೇ ಇಂಥವನ್ನು ನಿರ್ನಾಳ ಗ್ರಂಥಿ ಎನ್ನುತ್ತಾರೆ. ರಕ್ತದ ಸಕ್ಕರೆ ಜೀವಕೋಶಗಳ ಒಳಗೆ ಹೋಗಲು ಇನ್ಸುಲಿನ್ ಬೇಕು. ಅದಿಲ್ಲದಿದ್ದರೆ ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ, ಊಟ ಮಾಡಿದರೂ ದೇಹ ಸೊರಗುತ್ತದೆ.

1920ರ ಅಕ್ಟೋಬರ್ 31ರ ರಾತ್ರಿ ಒಂದು ಲೇಖನ ಓದಿದ ಬ್ಯಾಂಟಿಂಗ್ ಅವರಿಗೆ ಈ ಹಾರ್ಮೋನನ್ನು ಹೊರತೆಗೆಯುವ ಉಪಾಯ ಹೊಳೆಯಿತು. ಟೊರೊಂಟೊ ವಿಶ್ವವಿದ್ಯಾಲಯದ ಪ್ರೊ. ಮ್ಯಾಕ್ಲಿಯಡ್ ಪ್ರಯೋಗಾಲಯ ಕೊಟ್ಟರು. 1921ರ ಬೇಸಿಗೆಯಲ್ಲಿ ಚಾರ್ಲ್ಸ್ ಬೆಸ್ಟ್ ಎಂಬ ಯುವಕನ ಜೊತೆ ನಾಯಿಗಳ ಮೇಲೆ ಪ್ರಯೋಗ ನಡೆಯಿತು.

1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಔಷಧಿ ಶುದ್ಧವಾಗಿರಲಿಲ್ಲ, ಹೆಚ್ಚು ಪ್ರಯೋಜನವಾಗಲಿಲ್ಲ. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದರು. ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗನ ರಕ್ತದ ಸಕ್ಕರೆ ಇಳಿಯಿತು. ಸಾವಿನ ಹತ್ತಿರವಿದ್ದ ಆ ಹುಡುಗ ಇನ್ನೂ 13 ವರ್ಷ ಬದುಕಿದ.

1923ರಲ್ಲಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್ ಅವರಿಗೆ ನೊಬೆಲ್ ಬಂತು. ಬೆಸ್ಟ್ ಹೆಸರು ಇಲ್ಲದ್ದು ಬ್ಯಾಂಟಿಂಗ್ ಅವರಿಗೆ ಸಿಟ್ಟು ತರಿಸಿತು. ತಮ್ಮ ಹಣದಲ್ಲಿ ಅರ್ಧ ಬೆಸ್ಟ್‌ಗೆ ಕೊಟ್ಟರು. ಮ್ಯಾಕ್ಲಿಯಡ್ ಕೂಡ ಕಾಲಿಪ್ ಜೊತೆ ಹಂಚಿಕೊಂಡರು.

ವಾಣಿಜ್ಯ ವಿಭಾಗದ ನಾವು ದಿನವೂ ಲಾಭ-ನಷ್ಟದ ಲೆಕ್ಕ ಬರೆಯುತ್ತೇವೆ. ಪೇಟೆಂಟ್ ಒಂದು ಆಸ್ತಿ ಎಂದು ಓದುತ್ತೇವೆ. ಇನ್ಸುಲಿನ್ ಪೇಟೆಂಟ್ ಇಟ್ಟುಕೊಂಡಿದ್ದರೆ ಕೋಟಿಗಟ್ಟಲೆ ಹಣ ಬರುತ್ತಿತ್ತು. ಆದರೆ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಅದನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಯಾವುದೋ ಒಂದೇ ಕಂಪನಿ ಈ ಔಷಧಿಯನ್ನು ಹಿಡಿದಿಟ್ಟುಕೊಳ್ಳಬಾರದು ಎಂಬುದು ಅವರ ಉದ್ದೇಶ.

ಬ್ಯಾಂಟಿಂಗ್ 1941ರ ಫೆಬ್ರವರಿಯಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 49 ವರ್ಷ. ಅವರ ಹುಟ್ಟಿದ ದಿನವೇ ಈಗ ವಿಶ್ವ ಮಧುಮೇಹ ದಿನ. ನಮಗೆ ಅದು ಮಕ್ಕಳ ದಿನವೂ ಹೌದು. ಮಕ್ಕಳನ್ನು ಉಳಿಸಿದ ವೈದ್ಯರಿಗೆ ಆ ದಿನ ಚೆನ್ನಾಗಿ ಹೊಂದುತ್ತದೆ.