ಬಲರಾಜ್ ಸಾಹ್ನಿ: ರಿಕ್ಷಾ ಎಳೆದ ಎಂ.ಎ. ಪದವೀಧರ

ಕಳೆದ ವರ್ಷ ನಮ್ಮ ಕಾಲೇಜು ವಾರ್ಷಿಕೋತ್ಸವದ ನಾಟಕ ನೋಡಿದವರಿಗೆ ನನ್ನ ನೆನಪಿರಬಹುದು. ಕುಡಿದು ಆಟೋ ಓಡಿಸುವ, ಮೀಟರಿನಲ್ಲಿ ಮೋಸ ಮಾಡುವ, ಎಲ್ಲರಿಂದ ಬೈಸಿಕೊಂಡು ಹಲ್ಲು ಕಿರಿಯುವ ಡ್ರೈವರ್ ಪಾತ್ರ ನನ್ನದಾಗಿತ್ತು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮರುದಿನದಿಂದ ಕ್ಲಾಸಿನಲ್ಲಿ ನನ್ನನ್ನು ಆ ಪಾತ್ರದ ಹೆಸರಿನಿಂದಲೇ ಕರೆಯತೊಡಗಿದರು. ನನಗೂ ಹೆಮ್ಮೆಯೇ ಆಗಿತ್ತು.

ಹಿಂದಿನ ಸಾಲಿನಲ್ಲಿ ಕೂತು ನೋಡಿದವರಲ್ಲಿ ನನ್ನ ಅಬ್ಬು ಕೂಡ ಇದ್ದರು. ಅವರು ಆಟೋ ಓಡಿಸುತ್ತಾರೆ, ನಾನು ಹುಟ್ಟುವ ಮೊದಲಿನಿಂದಲೂ. ಕುಡಿತದ ಮಾತಿರಲಿ, ಬೀಡಿಯನ್ನೂ ಮುಟ್ಟಿದವರಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ನಾಟಕದ ಬಗ್ಗೆ ಒಂದು ಮಾತು ಆಡಲಿಲ್ಲ. ಊಟಕ್ಕೆ ಕೂತಾಗ ಮಾತ್ರ, ಆ ಮನುಷ್ಯ ಯಾರು ಎಂದು ಕೇಳಿದರು. ಅದು ಬರೀ ಪಾತ್ರ ಅಬ್ಬು ಎಂದೆ. ಅವರು ಕೈ ತೊಳೆಯಲು ಎದ್ದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೆಲವು ತಿಂಗಳ ನಂತರ ಇತಿಹಾಸದ ಮೇಡಂ ದೇಶ ವಿಭಜನೆಯ ಪಾಠ ಮಾಡುವಾಗ ‘ಗರ್ಮ್ ಹವಾ’ ಎಂಬ ಸಿನಿಮಾದ ಹೆಸರು ಹೇಳಿ, ಸಾಧ್ಯವಾದರೆ ನೋಡಿ ಎಂದರು. ನೋಡಿದೆ. ಅಲ್ಲಿಂದ ಬಲರಾಜ್ ಸಾಹ್ನಿ ಅವರ ಬದುಕಿನ ಬೆನ್ನು ಹತ್ತಿದೆ.

ಅವರು ಹುಟ್ಟಿದ್ದು 1913ರ ಮೇ 1ರಂದು, ಈಗ ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯಲ್ಲಿ. ತಂದೆ ಬಟ್ಟೆ ವ್ಯಾಪಾರಿ, ಆರ್ಯ ಸಮಾಜದ ಮನೆತನ. ಹುಟ್ಟಿದಾಗ ಇಟ್ಟ ಹೆಸರು ಯುಧಿಷ್ಠಿರ. ‘ತಮಸ್’ ಕಾದಂಬರಿ ಬರೆದ ಭೀಷ್ಮ ಸಾಹ್ನಿ ಇವರ ತಮ್ಮ. ಲಾಹೋರಿನಲ್ಲಿ ಓದಿ ಇಂಗ್ಲಿಷ್‌ನಲ್ಲಿ ಎಂ.ಎ. ಮಾಡಿದರು. ಮದುವೆಯಾದ ಮೇಲೆ ಪತ್ನಿ ದಮಯಂತಿ ಅವರೊಂದಿಗೆ ಶಾಂತಿನಿಕೇತನಕ್ಕೆ ಹೋಗಿ ಪಾಠ ಹೇಳಿದರು. ಅಲ್ಲಿ ರವೀಂದ್ರನಾಥ ಟ್ಯಾಗೋರರು ಇವರನ್ನು, ನಿಮ್ಮ ತಾಯಿನುಡಿ ಪಂಜಾಬಿಯಲ್ಲಿ ಏಕೆ ಬರೆಯುವುದಿಲ್ಲ ಎಂದು ಕೇಳಿದರಂತೆ. ಆಗ ಒಪ್ಪದಿದ್ದರೂ ಮುಂದೆ ಬಲರಾಜ್ ಪಂಜಾಬಿಯಲ್ಲಿಯೇ ಬರೆದರು. ಪಾಕಿಸ್ತಾನಕ್ಕೆ ಹೋಗಿ ಬಂದ ಪ್ರವಾಸ ಕಥನವೂ ಆ ಭಾಷೆಯಲ್ಲಿದೆ. 1938ರಲ್ಲಿ ಸೇವಾಗ್ರಾಮದಲ್ಲಿ ಗಾಂಧೀಜಿಯವರ ಬಳಿ ಕೆಲಸ, ನಂತರ ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಲಂಡನ್ನಿನ ಬಿಬಿಸಿಯಲ್ಲಿ ಹಿಂದಿ ಪ್ರಸಾರಕರ ಕೆಲಸ. ಇಷ್ಟು ಓದಿ, ಇಷ್ಟು ಸುತ್ತಿ ಬಂದ ಮನುಷ್ಯ ಸಿನಿಮಾಕ್ಕೆ ಬಂದಾಗ ಮೂವತ್ತು ದಾಟಿತ್ತು.

ಮುಂಬೈಯಲ್ಲಿ ಅವರು ‘ಇಪ್ಟಾ’ ನಾಟಕ ತಂಡ ಸೇರಿದರು. ಬಂಗಾಳದ ಬರಗಾಲದ ಬಗ್ಗೆ ಕೆ.ಎ. ಅಬ್ಬಾಸ್ ಮಾಡಿದ ‘ಧರ್ತಿ ಕೆ ಲಾಲ್’ (1946) ಚಿತ್ರದಲ್ಲಿ ರೈತನಾದರು. 1947ರಲ್ಲಿ ಪತ್ನಿ ತೀರಿಕೊಂಡರು. ಅದೇ ವರ್ಷ ದೇಶ ಒಡೆದು ರಾವಲ್ಪಿಂಡಿಯ ಮನೆ ಗಡಿಯ ಆಚೆ ಉಳಿಯಿತು. ಕಮ್ಯುನಿಸ್ಟ್ ಆಗಿದ್ದ ಅವರನ್ನು ಒಮ್ಮೆ ಜೈಲಿಗೂ ಹಾಕಿದರು. ಆ ದಿನಗಳಲ್ಲಿ ‘ಹಲ್‌ಚಲ್’ ಎಂಬ ಸಿನಿಮಾದಲ್ಲಿ ಪಾತ್ರ ಒಪ್ಪಿಕೊಂಡಿದ್ದರು. ವಿಶೇಷ ಅನುಮತಿ ಪಡೆದು ಜೈಲಿನಿಂದ ಶೂಟಿಂಗಿಗೆ ಬರುತ್ತಿದ್ದರು, ಮುಗಿದ ಮೇಲೆ ಜೈಲಿಗೆ ವಾಪಸಾಗುತ್ತಿದ್ದರು. ಸಿನಿಮಾದಲ್ಲಿ ಅವರ ಪಾತ್ರ ಯಾರದು ಗೊತ್ತೇ? ಜೈಲರ್!

ಅವರ ಸಿನಿಮಾ ಆತ್ಮಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅವರು ತಮ್ಮ ಭಯವನ್ನು ಮುಚ್ಚಿಡದೆ ಹೇಳಿಕೊಂಡಿರುವುದು. ಕ್ಯಾಮೆರಾ ಮುಂದೆ ನಿಂತರೆ ಮೈ ಮರಗಟ್ಟುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ಒದ್ದಾಡಿದರು. ನಟರು ತಮ್ಮ ಪಾತ್ರಗಳ ಬಗ್ಗೆ ಮಾತನಾಡುವುದನ್ನು ಈಗ ಮೊಬೈಲಿನಲ್ಲಿ ದಿನವೂ ಕೇಳುತ್ತೇವೆ. ಪಾತ್ರ ಎಷ್ಟು ಸವಾಲಿನದು, ಎಷ್ಟು ಕಿಲೋ ತೂಕ ಇಳಿಸಿದೆ, ಹೇಗೆ ನಿದ್ದೆ ಬಿಟ್ಟೆ ಎಂಬ ಮಾತುಗಳೇ. ನನಗೆ ಪಾತ್ರ ಸಿಕ್ಕಲೇ ಇಲ್ಲ, ಸುಮ್ಮನೆ ಕಂಬದ ಹಾಗೆ ನಿಂತಿದ್ದೆ ಎಂದು ಹೇಳುವವರು ಎಷ್ಟು ಮಂದಿ?

1953ರ ‘ದೋ ಬೀಘಾ ಜಮೀನ್’ಗೆ ಬರೋಣ. ನಿರ್ದೇಶಕ ಬಿಮಲ್ ರಾಯ್. ಸಾಲಕ್ಕೆ ಸಿಕ್ಕಿದ ಎರಡು ಬೀಘಾ ಹೊಲ ಉಳಿಸಿಕೊಳ್ಳಲು ಶಂಭು ಎಂಬ ರೈತ ಕಲ್ಕತ್ತಾಗೆ ಬಂದು ಕೈರಿಕ್ಷಾ ಎಳೆಯುವ ಕಥೆ. ಬಲರಾಜ್ ಮೊದಲ ಭೇಟಿಗೆ ಸೂಟು ಬೂಟು ಹಾಕಿಕೊಂಡು ಹೋದರು. ಬಿಮಲ್ ರಾಯ್ ಮೇಲಿಂದ ಕೆಳಗೆ ನೋಡಿ, ನಮ್ಮವರು ತಪ್ಪು ಮನುಷ್ಯನನ್ನು ಕರೆತಂದಿದ್ದಾರೆ, ನನಗೆ ಬೇಕಾದವನು ಬಡ ರೈತ ಎಂಬರ್ಥದಲ್ಲಿ ಮಾತನಾಡಿದರು. ಆಗ ‘ಧರ್ತಿ ಕೆ ಲಾಲ್’ನ ರೈತನ ಪಾತ್ರ ಇವರ ಸಹಾಯಕ್ಕೆ ಬಂತು.

ಪಾತ್ರ ಸಿಕ್ಕ ಮೇಲೆ ಬಲರಾಜ್ ಮುಂಬೈಯ ಜೋಗೇಶ್ವರಿಯಲ್ಲಿ ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದ ಉತ್ತರ ಭಾರತದವರ ನಡುವೆ ಓಡಾಡಿ, ಅವರು ಕೂರುವ, ನಡೆಯುವ, ತಲೆಗೆ ಬಟ್ಟೆ ಸುತ್ತುವ ರೀತಿ ನೋಡಿಕೊಂಡರು. ಕಲ್ಕತ್ತಾದ ಬೀದಿಯಲ್ಲಿ ರಿಕ್ಷಾ ಎಳೆಯುವುದನ್ನು ಕಲಿತರು. ಆ ವೇಷದಲ್ಲೇ ಒಂದು ಅಂಗಡಿಗೆ ಹೋಗಿ ಒಳ್ಳೆಯ ಸಿಗರೇಟು ಕೇಳಿ ಐದು ರೂಪಾಯಿ ನೋಟು ಕೊಟ್ಟಾಗ, ಅಂಗಡಿಯವನು ಇವರ ಮುಖ ನೋಡಿ ನೋಟನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದನಂತೆ. ರಿಕ್ಷಾದವನ ಕೈಯಲ್ಲಿ ಐದು ರೂಪಾಯಿ ಎಲ್ಲಿಂದ ಬಂತು ಎಂಬ ಅನುಮಾನ. ಇದನ್ನು ಓದುವಾಗ ನಾನು ಪುಸ್ತಕ ಮುಚ್ಚಿಟ್ಟೆ. ಪೆಟ್ರೋಲ್ ಬಂಕಿನಲ್ಲಿ ಅಬ್ಬು 500 ರೂಪಾಯಿ ನೋಟು ಕೊಟ್ಟಾಗ ಇದೇ ಆಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟೆಲ್ಲ ತಯಾರಿ ಮಾಡಿಕೊಂಡರೂ ಶೂಟಿಂಗ್ ಶುರುವಾದಾಗ ಅಭಿನಯ ಬರಲಿಲ್ಲ. ಸೋತು ಕೂತಿದ್ದಾಗ ಬಿಹಾರದ ಕಡೆಯ ನಡುವಯಸ್ಸಿನ ಒಬ್ಬ ನಿಜವಾದ ರಿಕ್ಷಾವಾಲಾ ಹತ್ತಿರ ಬಂದು, ಇಲ್ಲಿ ಏನು ನಡೆಯುತ್ತಿದೆ ಎಂದು ವಿಚಾರಿಸಿದ. ಬಲರಾಜ್ ಸಿನಿಮಾದ ಕಥೆ ಹೇಳಿದರು. ಕೇಳುತ್ತಾ ಕೇಳುತ್ತಾ ಅವನ ಕಣ್ಣಲ್ಲಿ ನೀರು ಬಂತು. ಅವನೂ ಊರಿನಲ್ಲಿ ಜಮೀನುದಾರನ ಬಳಿ ಹೊಲ ಅಡವಿಟ್ಟು, ಬಿಡಿಸಿಕೊಳ್ಳಲೆಂದು ವರ್ಷಗಳ ಹಿಂದೆ ಕಲ್ಕತ್ತಾಗೆ ಬಂದವನು. ಇದು ನನ್ನದೇ ಕಥೆ ಎಂದು ಹೇಳಿ ಹೊರಟುಹೋದ. ಅಂದಿನಿಂದ ಬಲರಾಜ್ ಅಭಿನಯದ ಸಿದ್ಧಾಂತಗಳನ್ನು ಬದಿಗಿಟ್ಟು, ಆ ಮನುಷ್ಯನನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಪಾತ್ರ ಮಾಡಿದರು. ಆ ಪಾತ್ರದ ಯಶಸ್ಸಿನ ಪಾಲನ್ನು ಅವನಿಗೇ ಕೊಟ್ಟರು. ಸಿನಿಮಾ 1954ರ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಆ ರಿಕ್ಷಾವಾಲಾ ಅದನ್ನು ನೋಡಿದನೋ ಇಲ್ಲವೋ.

ಸಿನಿಮಾ ಬಗ್ಗೆ ಬರೆಯುವವರು ಇಂಥ ಅಭಿನಯ ಕಂಡಾಗ ಪರಕಾಯ ಪ್ರವೇಶ ಎನ್ನುತ್ತಾರೆ, ಪಾತ್ರಕ್ಕೆ ಜೀವ ತುಂಬಿದರು ಎನ್ನುತ್ತಾರೆ. ನಾನೂ ಇದೇ ಪತ್ರಿಕೆಯಲ್ಲಿ ಹಿಂದೊಮ್ಮೆ ಒಂದು ಸಿನಿಮಾ ಬಗ್ಗೆ ಬರೆದಾಗ ಆ ಎರಡು ಮಾತನ್ನೂ ಬಳಸಿದ್ದೆ. ಈಗ ಅನಿಸುತ್ತದೆ, ಜೀವ ಮೊದಲೇ ಇತ್ತು, ಬಿಹಾರದ ಆ ಮನುಷ್ಯನಲ್ಲಿ. ನಮ್ಮ ನಾಟಕದಲ್ಲಿ ನಾನು ಯಾರನ್ನೂ ನೋಡಿರಲಿಲ್ಲ. ಬೇರೆ ಸಿನಿಮಾಗಳಲ್ಲಿ ಕಂಡ ಕುಡುಕರನ್ನು ನಕಲು ಮಾಡಿದ್ದೆ, ಮೈಮೇಲೆ ಮಾತ್ರ ಅಬ್ಬು ಅವರ ಖಾಕಿ ಶರ್ಟು.

ಮುಂದಿನ ಇಪ್ಪತ್ತು ವರ್ಷ ಅವರು ಎಷ್ಟೋ ಸಿನಿಮಾಗಳಲ್ಲಿ ಕಾಣಿಸಿಕೊಂಡರು. 1961ರ ‘ಕಾಬೂಲಿವಾಲಾ’ದಲ್ಲಿ ದೂರದ ಮಗಳನ್ನು ನೆನೆಯುವ ಪಠಾಣನಾದರು. ರಾವಲ್ಪಿಂಡಿಯಲ್ಲಿ ಬೆಳೆದವರಿಗೆ ಪಠಾಣರ ನಡೆನುಡಿ ಹೊಸದೇನಲ್ಲ. 1965ರ ‘ವಕ್ತ್’ನಲ್ಲಿ ಶ್ರೀಮಂತ ವ್ಯಾಪಾರಿ. 1969ರಲ್ಲಿ ಪದ್ಮಶ್ರೀ ಬಂತು.

ಕೊನೆಗೆ ‘ಗರ್ಮ್ ಹವಾ’. ಇದರ ನಿರ್ದೇಶಕ ಎಂ.ಎಸ್. ಸತ್ಯು ನಮ್ಮ ಮೈಸೂರಿನವರು, ಕನ್ನಡದಲ್ಲಿ ‘ಕನ್ನೇಶ್ವರ ರಾಮ’, ‘ಬರ’ ಮಾಡಿದವರು. ಇಸ್ಮತ್ ಚುಗ್ತಾಯಿ ಅವರ ಕಥೆಗೆ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕಥೆ ಬರೆದರು. ವಿಭಜನೆಯ ನಂತರದ ಆಗ್ರಾದಲ್ಲಿ ಚಪ್ಪಲಿ ಕಾರ್ಖಾನೆ ನಡೆಸುವ ಸಲೀಂ ಮಿರ್ಜಾ ಪಾಕಿಸ್ತಾನಕ್ಕೆ ಹೋಗಲು ಒಪ್ಪುವುದಿಲ್ಲ. ನೆಂಟರು ಒಬ್ಬೊಬ್ಬರಾಗಿ ಹೋಗುತ್ತಾರೆ. ಹವೇಲಿ ಅಣ್ಣನ ಹೆಸರಿನಲ್ಲಿದ್ದುದರಿಂದ ಕೈತಪ್ಪುತ್ತದೆ, ಬ್ಯಾಂಕು ಸಾಲ ಕೊಡುವುದಿಲ್ಲ, ಬೇಹುಗಾರಿಕೆಯ ಸುಳ್ಳು ಆರೋಪವೂ ಬರುತ್ತದೆ. ಆ ಮನುಷ್ಯ ಸಿಟ್ಟಾಗುವುದೇ ಅಪರೂಪ. ಶೇರ್ವಾನಿ ತೊಟ್ಟು ನಿಧಾನ ನಡೆಯುತ್ತಾನೆ, ಅಲ್ಲಾಹನ ಮೇಲೆ ಭಾರ ಹಾಕಿ ಕೆಲಸಕ್ಕೆ ಹೋಗುತ್ತಾನೆ.

ಯೋಚಿಸಿ ನೋಡಿ. ಗಡಿಯ ಆಚೆ ಮನೆ ಕಳೆದುಕೊಂಡ ಹಿಂದೂ ಕುಟುಂಬದ ಮನುಷ್ಯ, ಗಡಿಯ ಈಚೆ ಮನೆ ಬಿಡಲೊಪ್ಪದ ಮುಸಲ್ಮಾನನ ಪಾತ್ರ ಮಾಡಿದ್ದು! ಅವರು ದೇವರನ್ನು ನಂಬಿದವರೂ ಅಲ್ಲ.

ಈ ಸಿನಿಮಾವನ್ನು ಎರಡನೇ ಸಲ ದಾದಿಯ ಜೊತೆ ಕೂತು ನೋಡಿದೆ. ದಾದಿ ಯಾವತ್ತೂ ನಟರ ಹೆಸರು ಹೇಳುವವರಲ್ಲ. ಅವರ ಪಾಲಿಗೆ ತೆರೆಯ ಮೇಲೆ ಇರುವವರು ಒಳ್ಳೆಯವರು, ಕೆಟ್ಟವರು, ಪಾಪದವರು, ಅಷ್ಟೇ. ವಜ್ರಮುನಿ ಅವರನ್ನು ತೆರೆಯ ಮೇಲೆ ಕಂಡರೆ ಟೆಂಟಿನಲ್ಲಿ ಹೆಂಗಸರೆಲ್ಲ ಶಾಪ ಹಾಕುತ್ತಿದ್ದರು ಎಂದು ಈಗಲೂ ನಗುತ್ತಾರೆ. ಸಲೀಂ ಮಿರ್ಜಾನ ಮುದಿ ತಾಯಿ ಹವೇಲಿ ಬಿಡಲಾರದೆ ಸೌದೆ ಕೋಣೆಯಲ್ಲಿ ಅಡಗಿ ಕೂರುವ ದೃಶ್ಯದಲ್ಲಿ ದಾದಿ ಬಿಕ್ಕಿದರು. ಮುಗಿದ ಮೇಲೆ, ಮಿರ್ಜಾ ಸಾಹೇಬರ ಕಿರ್ದಾರ್ ನೋಡು ಎಂದರು. ನಾನು ಅಭಿನಯವನ್ನು ಹೊಗಳುತ್ತಿದ್ದಾರೆ ಎಂದುಕೊಂಡು ಬಲರಾಜ್ ಸಾಹ್ನಿ ಅವರ ಬಗ್ಗೆ ಹೇಳತೊಡಗಿದೆ. ದಾದಿ ಹೇಳಿದ್ದು ಅದಲ್ಲ. ಉರ್ದುವಿನಲ್ಲಿ ಕಿರ್ದಾರ್ ಎಂದರೆ ಸಿನಿಮಾದ ಪಾತ್ರವೂ ಹೌದು, ಮನುಷ್ಯನ ನಡತೆಯೂ ಹೌದು. ಹೆಣ್ಣು ಕೊಡುವಾಗ ಹುಡುಗನ ಕಿರ್ದಾರ್ ಹೇಗೆ ಎಂದು ಕೇಳುವುದು ಇದೇ ಮಾತಿನಿಂದ. ನಟ ಮುಸಲ್ಮಾನರಲ್ಲ ಎಂದು ನಾನು ತಿಳಿಸಿದಾಗ ದಾದಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಅವರು ನಮ್ಮಂಥವರ ಮನೆಯಲ್ಲಿ ಕೂತು ಎದ್ದು ಮಾಡಿದವರೇ ಇರಬೇಕು ಎಂದರು.

ಸಿನಿಮಾದಲ್ಲಿ ಸಲೀಂ ಮಿರ್ಜಾ ಮಗಳನ್ನು ಕಳೆದುಕೊಳ್ಳುತ್ತಾನೆ. ಗೋಳಾಡುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಕಲ್ಲಾಗಿ ನಿಂತುಬಿಡುತ್ತಾನೆ. ಬಲರಾಜ್ ಅವರೂ ಅದಕ್ಕೆ ಸ್ವಲ್ಪ ಮೊದಲು ಸ್ವಂತ ಮಗಳನ್ನು ಕಳೆದುಕೊಂಡಿದ್ದರು. ಈ ದೃಶ್ಯದ ಬಗ್ಗೆ ಬರೆದವರು ಬಹುತೇಕ ಎಲ್ಲರೂ ಇದನ್ನು ನೆನಪಿಸುತ್ತಾರೆ. ನಿಜವೇ. ಆದರೆ ಅದು ಅಭಿನಯವೇ ಅಲ್ಲ, ಅವರ ಸ್ವಂತ ದುಃಖ ಎಂದುಬಿಡುವುದು ನನಗೆ ಸರಿ ಕಾಣುವುದಿಲ್ಲ. ದುಃಖ ಎಲ್ಲರಿಗೂ ಬರುತ್ತದೆ. ಅದನ್ನು ತಡೆದು, ಬೇರೊಬ್ಬ ತಂದೆ ಹೇಗೆ ನಿಲ್ಲುತ್ತಾನೋ ಹಾಗೆ ಕ್ಯಾಮೆರಾ ಮುಂದೆ ನಿಲ್ಲುವುದು ಇಪ್ಪತ್ತೈದು ವರ್ಷಗಳ ಕೆಲಸದಿಂದ ಬಂದದ್ದು.

‘ಗರ್ಮ್ ಹವಾ’ದ ಡಬ್ಬಿಂಗ್ ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು, ಹೃದಯಾಘಾತದಿಂದ ಅವರು ತೀರಿಕೊಂಡರು. ಅರವತ್ತು ತುಂಬಲು ಮೂರು ವಾರವೂ ಉಳಿದಿರಲಿಲ್ಲ. ಪೂರ್ತಿಯಾದ ಸಿನಿಮಾವನ್ನು ಅವರು ನೋಡಲೇ ಇಲ್ಲ. ಗಲಭೆಯಾದೀತು ಎಂಬ ಹೆದರಿಕೆಯಿಂದ ಸೆನ್ಸಾರ್ ಅದನ್ನು ತಿಂಗಳುಗಟ್ಟಲೆ ತಡೆಹಿಡಿದಿತ್ತು. ಕೊನೆಗೆ ಅದು ಮೊದಲು ತೆರೆ ಕಂಡದ್ದು ನಮ್ಮ ಬೆಂಗಳೂರಿನಲ್ಲಿ, ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಗಲಭೆಯೇನೂ ಆಗಲಿಲ್ಲ. ಜನ ನೋಡಿ ಮೆಚ್ಚಿದರು, ಆಮೇಲೆ ಬೇರೆ ಊರುಗಳಿಗೂ ಹೋಯಿತು. ರಾಷ್ಟ್ರೀಯ ಭಾವೈಕ್ಯದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರ ಪ್ರಶಸ್ತಿಯೂ ಬಂತು.

ಈ ವರ್ಷದ ನಾಟಕಕ್ಕೆ ಇನ್ನೂ ಪಾತ್ರ ಹಂಚಿಲ್ಲ. ಯಾವ ಪಾತ್ರ ಬರುತ್ತದೋ ಗೊತ್ತಿಲ್ಲ. ಹೋದ ಭಾನುವಾರ ನಾನು ಅಬ್ಬು ಅವರನ್ನು, ಇವತ್ತು ನಾನೂ ಜೊತೆಗೆ ಬರಲೇ ಎಂದು ಕೇಳಿದೆ. ಏಕೆ ಎಂದು ಅವರು ಕೇಳಲಿಲ್ಲ. ಪ್ಯಾಸೆಂಜರ್ ಹತ್ತಿದರೆ ಬಾಯಿ ಮುಚ್ಚಿಕೊಂಡು ಮುಂದೆ ನನ್ನ ಪಕ್ಕ ಕೂರಬೇಕು ಎಂದರು. ಬೆಳಿಗ್ಗೆ ಆರಕ್ಕೆ ಹೊರಟೆವು. ಕೀ ತಿರುಗಿಸುವ ಮೊದಲು ಬಿಸ್ಮಿಲ್ಲಾ ಹೇಳುತ್ತಾರೆ. ಚಿಲ್ಲರೆ ಎಡಗಡೆ ಜೇಬಿನಲ್ಲಿ, ನೋಟು ಬಲಗಡೆ. ಬೆನ್ನು ನೋವಿಗೆ ಸೀಟಿನ ಹಿಂದೆ ಒಂದು ಮಡಿಸಿದ ಟವೆಲ್ ಇಟ್ಟುಕೊಂಡಿದ್ದಾರೆ, ನನಗೆ ಅದು ಗೊತ್ತೇ ಇರಲಿಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಬಸ್ ಸ್ಟ್ಯಾಂಡಿನಿಂದ ಒಬ್ಬರು ಅಕ್ಕ, ಕಂಕುಳಲ್ಲಿ ಮಲಗಿದ್ದ ಮಗುವಿನ ಜೊತೆ ಹತ್ತಿದರು. ಅವರ ಬೀದಿಯಲ್ಲಿ ದೀಪವಿರಲಿಲ್ಲ. ದುಡ್ಡು ತೆಗೆದುಕೊಂಡ ಮೇಲೂ ಅಬ್ಬು ಹೆಡ್‌ಲೈಟನ್ನು ಮನೆಯ ಕಡೆ ಹಿಡಿದು ನಿಂತರು. ಆ ಅಕ್ಕ ಗೇಟು ತೆರೆದು, ಒಳಗೆ ಹೋಗಿ, ಬಾಗಿಲು ಹಾಕಿಕೊಳ್ಳುವವರೆಗೂ ಆಟೋ ತಿರುಗಿಸಲಿಲ್ಲ.