ಪೂರ್ಣಚಂದ್ರ ತೇಜಸ್ವಿ ಮತ್ತು ಕನ್ನಡ ಅಕ್ಷರದ ಅಳತೆ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ 1938ರ ಸೆಪ್ಟೆಂಬರ್ 8ರಂದು ಜನಿಸಿದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ಮೈಸೂರಿನಲ್ಲಿ ಕನ್ನಡ ಎಂ.ಎ. ಪದವಿ ಪಡೆದು, ಉದ್ಯೋಗವನ್ನು ಅರಸದೆ ಮೂಡಿಗೆರೆಯಲ್ಲಿ ಕೃಷಿಕರಾಗಿ ನೆಲೆಸಿದರು. ‘ಕರ್ವಾಲೊ’, ‘ಚಿದಂಬರ ರಹಸ್ಯ’ಗಳ ಕರ್ತೃವಾದ ಅವರು ಚಿತ್ರಕಲೆ, ಛಾಯಾಗ್ರಹಣಗಳಲ್ಲಿಯೂ ತೊಡಗಿದ್ದರು. ಕೊನೆಯ ವರ್ಷಗಳಲ್ಲಿ ಗಣಕದಲ್ಲಿ ಕನ್ನಡದ ಬಳಕೆ ಅವರ ಮುಖ್ಯ ಕಾಳಜಿಯಾಯಿತು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ತಂತ್ರಾಂಶಕ್ಕೆ ಅವರ ಒತ್ತಾಸೆಯಿತ್ತು.

ಈ ಕಾಳಜಿಯ ಮಹತ್ವವನ್ನು ಒಂದು ನಿದರ್ಶನದಿಂದ ಗ್ರಹಿಸಬಹುದು. ಕ್ರಮವಿಧಿಯ ಮೂಲಕ ರೇಖಾಚಿತ್ರ ರಚಿಸುವಾಗ ಪದವೊಂದನ್ನು ಚೌಕಟ್ಟಿನೊಳಗೆ ಕೂರಿಸಲು ಅದರ ಅಗಲ, ಎತ್ತರಗಳು ಮೊದಲೇ ತಿಳಿದಿರಬೇಕು. ‘ಸ್ತ್ರೀ’ ಎಂಬುದು ಯೂನಿಕೋಡ್‌ನಲ್ಲಿ 6 ಸಂಕೇತಗಳ ಸರಣಿ. ತೆರೆಯ ಮೇಲೆ ಒಂದೇ ಅಕ್ಷರ. ಬಿಡಿ ಸಂಕೇತಗಳ ಅಗಲವನ್ನು ಕೂಡಿದರೆ ಅಳತೆ ತಪ್ಪುತ್ತದೆ. ಒತ್ತಕ್ಷರಗಳು ಸಾಲಿನ ಆಧಾರರೇಖೆಯಿಂದ ಕೆಳಗಿಳಿಯುವುದನ್ನು ಗಣಿಸದಿದ್ದರೆ ಎತ್ತರವೂ ತಪ್ಪುತ್ತದೆ. ಅಕ್ಷರಸಂಯೋಜನೆ ಮುಗಿದ ಬಳಿಕ ಮೂಡುವ ಆಕೃತಿಯ ಹೊರಗೆರೆಯನ್ನೇ ಅಳೆಯಬೇಕು. ರೋಮನ್ ಲಿಪಿಯ ಲೆಕ್ಕಾಚಾರವನ್ನು ಹಾಗೆಯೇ ಎರವಲು ತಂದ ತಂತ್ರಾಂಶ ಇಲ್ಲಿ ಸೋಲುತ್ತದೆ.

ತೇಜಸ್ವಿಯವರು 2007ರ ಏಪ್ರಿಲ್ 5ರಂದು ಮೂಡಿಗೆರೆಯಲ್ಲಿ ನಿಧನರಾದರು. ಲಿಪಿಯ ಸ್ವರೂಪವನ್ನು ಬಲ್ಲ ಕನ್ನಡ ವಿದ್ವಾಂಸರು ತಂತ್ರಾಂಶ ರಚನೆಯಿಂದ ದೂರ ಉಳಿಯಲಾಗದೆಂಬುದನ್ನು ಅವರ ಬದುಕಿನ ಈ ಕೊನೆಯ ಘಟ್ಟ ಸೂಚಿಸುತ್ತದೆ.